ಹಳೇ ಮನೆ ರಿಪೇರಿಗೆ ಮೊದಲು ಡಿಜಿಟಲ್ ಅಳತೆ: ಪದೇ ಪದೇ ಕೇಳುವ ಪ್ರಶ್ನೆಗಳು

ಮಂಗಳೂರು, ಉಡುಪಿ ಸುತ್ತಮುತ್ತ ಹಳೇ ಹೆಂಚಿನ ಮನೆಗಳನ್ನು ಅಳೆದು ನಕ್ಷೆ ಮಾಡಿಕೊಡುವುದು ನನ್ನ ಕೆಲಸ. ಜಗಲಿಯಲ್ಲಿ ಕೂತು ಚಹಾ ಕುಡಿಯುವಾಗ ಮನೆಯವರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಫೋನಿನಲ್ಲಿ, ಪತ್ರದಲ್ಲಿ ಬಂದವನ್ನೂ ಸೇರಿಸಿ ಇಲ್ಲಿ ಬರೆದಿದ್ದೇನೆ. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ನಿಮಗೆ ಬೇಕಾದ್ದನ್ನು ಮಾತ್ರ ಓದಿದರೂ ಸಾಕು.

ಶುರುವಿನ ಪ್ರಶ್ನೆಗಳು

ಡಿಜಿಟಲ್ ಸರ್ವೆ ಅಂದರೆ ಎಂತ? ಸರ್ವೆಯವರು ಬಂದು ಗಡಿ ಅಳೆಯುತ್ತಾರಲ್ಲ, ಅದೇಯಾ?

ಅಲ್ಲ. ಗಡಿ ಅಳೆಯುವುದು ಜಾಗದ ಲೆಕ್ಕ. ಅದು ಸರ್ವೆ ಇಲಾಖೆಯ ಕೆಲಸ. ಆರ್‌ಟಿಸಿ, ಸ್ಕೆಚ್ಚು ಎಲ್ಲ ಅಲ್ಲಿಗೆ ಸೇರಿದ್ದು. ನಾನು ಹೇಳುತ್ತಿರುವುದು ಕಟ್ಟಡದ ಅಳತೆ. ಗೋಡೆ ಎಷ್ಟು ದಪ್ಪ, ಎಷ್ಟು ವಾಲಿದೆ, ಮಾಡು (ಛಾವಣಿ) ಎಲ್ಲಿ ಬಗ್ಗಿದೆ, ಬಾಗಿಲು ಎಲ್ಲಿದೆ, ನೆಲ ಯಾವ ಕಡೆ ಇಳಿದಿದೆ ಅನ್ನುವುದನ್ನು ಲೇಸರ್ ಯಂತ್ರದಲ್ಲಿ ಅಳೆದು ಕಂಪ್ಯೂಟರಿನಲ್ಲಿ ಇಡುವುದು. ನಿಮಗೂ ಪಕ್ಕದ ಮನೆಯವರಿಗೂ ಗಡಿ ತಕರಾರು ಇದ್ದರೆ ನನ್ನ ನಕ್ಷೆ ಹಿಡಿದುಕೊಂಡು ಹೋಗಿ ಪ್ರಯೋಜನ ಇಲ್ಲ. ಪಾಲಿಕೆಗೋ ಪಂಚಾಯತಿಗೋ ಪ್ಲಾನ್ ಕೊಡುವಾಗ ಈಗಿರುವ ಕಟ್ಟಡದ ನಕ್ಷೆ ಬೇಕಾದರೆ ಅದನ್ನು ಇದರಿಂದ ತೆಗೆಯಬಹುದು. ಅಷ್ಟೇ.

ಟೇಪು ಉಂಟಲ್ಲ, ಸಾಕಾಗುವುದಿಲ್ವಾ?

ಹೊಸ ಮನೆಗಾದರೆ ಬಹುಮಟ್ಟಿಗೆ ಸಾಕು. ಹಳೇ ಮನೆಯಲ್ಲಿ ತೊಂದರೆ ಬೇರೆ. ಟೇಪಿನಲ್ಲಿ ಅಳೆಯುವಾಗ ನಾವು ಕೋಣೆ ಚೌಕ ಅಂತ ಮನಸ್ಸಿನಲ್ಲೇ ನಂಬಿರುತ್ತೇವೆ. ಉದ್ದ ಒಂದು, ಅಗಲ ಒಂದು ಬರೆದುಕೊಂಡು ಬರುತ್ತೇವೆ. ಆದರೆ ಮುರಕಲ್ಲಿನ ಹಳೇ ಮನೆಯಲ್ಲಿ ಚೌಕವಾಗಿರುವ ಕೋಣೆ ಸಿಕ್ಕಿದರೆ ನನಗೇ ಆಶ್ಚರ್ಯ.

ಒಂದು ಪರೀಕ್ಷೆ ನೀವೇ ಮಾಡಿ ನೋಡಿ. ಕೋಣೆ 12 ಅಡಿಗೆ 16 ಅಡಿ ಇದ್ದರೆ ಮೂಲೆಯಿಂದ ಮೂಲೆಗೆ ಸರಿಯಾಗಿ 20 ಅಡಿ ಬರಬೇಕು. ಎರಡೂ ಕಡೆಯಿಂದ ಅಳೆಯಿರಿ. ಒಂದು 19 ಅಡಿ 10 ಇಂಚು, ಇನ್ನೊಂದು 20 ಅಡಿ 2 ಇಂಚು ಬಂದರೆ ಕೋಣೆ ಓರೆಯಾಗಿದೆ ಅಂತ ಅರ್ಥ. ಒಂದು ಕೋಣೆಯಲ್ಲಿ ಇಷ್ಟಾದರೆ ಸಾಲಾಗಿ ಆರು ಕೋಣೆ ಇರುವ ಮನೆಯಲ್ಲಿ ಈ ತಪ್ಪುಗಳು ಒಂದರ ಮೇಲೊಂದು ಕೂಡುತ್ತಾ ಹೋಗುತ್ತವೆ. ಕೊನೆಗೆ ಒಳಗಿನ ಅಳತೆ, ಹೊರಗಿನ ಅಳತೆ ತಾಳೆ ಬೀಳುವುದಿಲ್ಲ. ಆಗ ಎಲ್ಲರೂ ಮಾಡುವ ಕೆಲಸ ಒಂದೇ: ವ್ಯತ್ಯಾಸವನ್ನು ಗೋಡೆಯ ದಪ್ಪಕ್ಕೆ ಸೇರಿಸಿಬಿಡುವುದು!

ಆ ಯಂತ್ರ ಹೇಗೆ ಅಳೆಯುತ್ತದೆ? ಮಕ್ಕಳ ಕಣ್ಣಿಗೆ ತೊಂದರೆ ಇಲ್ವಾ?

ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ಯಂತ್ರ ಕೂರುತ್ತದೆ. ಸುತ್ತಲೂ ತಿರುಗುತ್ತಾ ಬೆಳಕು ಬಿಡುತ್ತದೆ. ಬೆಳಕು ಗೋಡೆಗೆ ತಾಗಿ ವಾಪಸ್ ಬರಲು ಹಿಡಿದ ಸಮಯದಿಂದ ದೂರದ ಲೆಕ್ಕ ಹಾಕುತ್ತದೆ. ಬೆಳಕು ಒಂದು ಸೆಕೆಂಡಿನ ನೂರು ಕೋಟಿಯಲ್ಲಿ ಒಂದು ಭಾಗದಷ್ಟು ಸಮಯದಲ್ಲಿ ಸುಮಾರು 30 ಸೆಂಟಿಮೀಟರ್ ಹೋಗುತ್ತದೆ. ಅದನ್ನು ಹಿಡಿಯುವ ಗಡಿಯಾರ ಅದರೊಳಗೆ ಇದೆ. ಲೈಕಾ ಕಂಪನಿಯ ಬಿಎಲ್‌ಕೆ 360 ಎಂಬ ಸಣ್ಣ ಯಂತ್ರದ ಮೊದಲ ಮಾದರಿಯೇ ಸೆಕೆಂಡಿಗೆ 3,60,000 ಬಿಂದುಗಳನ್ನು ಅಳೆಯುತ್ತಿತ್ತು. ಈ ಬಿಂದುಗಳೆಲ್ಲ ಸೇರಿ ಪರದೆಯ ಮೇಲೆ ನಿಮ್ಮ ಮನೆಯ ಆಕಾರ ಮೂಡುತ್ತದೆ. ಇದಕ್ಕೆ ಪಾಯಿಂಟ್ ಕ್ಲೌಡ್ ಅನ್ನುತ್ತಾರೆ.

ಕಟ್ಟಡದ ಒಳಗೆ ಬಳಸುವ ಈ ಸ್ಕ್ಯಾನರುಗಳಲ್ಲಿ ಹೆಚ್ಚಿನವು ಕ್ಲಾಸ್ 1 ಲೇಸರ್, ಅಂದರೆ ಕಣ್ಣಿಗೆ ಅಪಾಯ ಇಲ್ಲದ್ದು. ಯಂತ್ರದ ಮೇಲೆ ಬರೆದಿರುತ್ತದೆ, ನೋಡಿ.

ಬಚ್ಚಲು ಮತ್ತು ಅಡುಗೆಕೋಣೆ ಮಾತ್ರ ಸರಿ ಮಾಡಿಸುವುದು. ನಮಗೂ ಬೇಕಾ?

ಬೇಡ. ಕೆಲವು ಸಾವಿರಕ್ಕೆ ಸಿಗುವ ಕೈಯಲ್ಲಿ ಹಿಡಿಯುವ ಲೇಸರ್ ಮೀಟರ್ ತೆಗೆದುಕೊಳ್ಳಿ. ಎರಡು ಮಿಲಿಮೀಟರಿನಷ್ಟು ನಿಖರವಾಗಿ ಅಳೆಯುತ್ತದೆ. ಮೂಲೆಯಿಂದ ಮೂಲೆಗೆ ಅಳೆಯುವುದನ್ನು ಮಾತ್ರ ಮರೆಯಬೇಡಿ.

ಮಗನ ಐಫೋನಿನಲ್ಲಿ ಲೈಡಾರ್ ಉಂಟಂತೆ. ಅದರಲ್ಲೇ ಮಾಡಿದರೆ ಆಗುವುದಿಲ್ವಾ?

2020ರಿಂದ ಐಫೋನ್ ಪ್ರೊ, ಐಪ್ಯಾಡ್ ಪ್ರೊ ಮಾದರಿಗಳಲ್ಲಿ ಲೈಡಾರ್, ಅಂದರೆ ಬೆಳಕು ಬಿಟ್ಟು ದೂರ ಅಳೆಯುವ ಸಾಧನ ಬಂದಿದೆ. ಅದು ಸುಮಾರು 5 ಮೀಟರ್ ದೂರದವರೆಗೆ ಅಳೆಯುತ್ತದೆ. ಒಂದು ಕೋಣೆಯ ಅಂದಾಜಿಗೆ ಚೆನ್ನಾಗಿದೆ. ಎಷ್ಟು ಬಣ್ಣ ಬೇಕು, ಸೋಫಾ ಹಿಡಿಸುತ್ತದಾ ಎಂದು ನೋಡಲು ನಾನೂ ಬಳಸುತ್ತೇನೆ. ಆದರೆ ಕೋಣೆಯಿಂದ ಕೋಣೆಗೆ ನಡೆದುಕೊಂಡು ಹೋದ ಹಾಗೆ ಫೋನಿನ ಲೆಕ್ಕ ಜಾರುತ್ತದೆ. ಉದ್ದದ ಮನೆಯಾದರೆ ಆ ತುದಿಗೆ ಹೋಗುವಾಗ ಇಂಚುಗಟ್ಟಲೆ ತಪ್ಪು ಸೇರಿರುತ್ತದೆ. ಚಾವಡಿಯ ಎತ್ತರದ ಮಾಡು ಅದಕ್ಕೆ ಸರಿಯಾಗಿ ಎಟಕುವುದೂ ಇಲ್ಲ. ಮಾಡಿಗೆ ಹಾಕುವ ಕಬ್ಬಿಣ ಕತ್ತರಿಸಲು ಫೋನಿನ ಅಳತೆ ಕೊಡಬೇಡಿ.

ಯಾವ ತಿಂಗಳಲ್ಲಿ ಮಾಡಿಸುವುದು ಒಳ್ಳೆಯದು?

ಕೆಲಸ ಶುರು ಮಾಡುವುದು ಡಿಸೆಂಬರ್‌ನಲ್ಲಿ ಅಂತಾದರೆ ಅಳತೆ ಅಕ್ಟೋಬರ್, ನವೆಂಬರ್‌ನಲ್ಲಿ ಮುಗಿಯಬೇಕು. ಏಪ್ರಿಲ್‌ನಲ್ಲಿ ಫೋನ್ ಮಾಡಿ "ಮಳೆಗೆ ಮೊದಲು ಮಾಡು ಮುಚ್ಚಬೇಕು ಮಾರಾಯ್ರೆ" ಅನ್ನುವವರೇ ಜಾಸ್ತಿ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗಿಂತ ಜಾಸ್ತಿ ಮಳೆ ಬೀಳುವ ಊರು ನಮ್ಮದು. ಅದರ ಹೆಚ್ಚಿನ ಪಾಲು ನಾಲ್ಕೇ ತಿಂಗಳಲ್ಲಿ. ಅವಸರದ ಅಳತೆಯಲ್ಲಿ ಕೊನೆಗೆ ಬಿಟ್ಟುಹೋಗುವುದು ಮಾಡೇ.

ಮಳೆಗಾಲದಲ್ಲಿ ಹೊರಗೆ ಸ್ಕ್ಯಾನ್ ಮಾಡುವುದು ಕಷ್ಟ. ಬೀಳುವ ಹನಿಗಳನ್ನೂ ಯಂತ್ರ ಅಳೆದುಬಿಡುತ್ತದೆ. ಒದ್ದೆಯಾಗಿ ಕಪ್ಪಾದ ಹೆಂಚಿನಿಂದ ಬೆಳಕು ಸರಿಯಾಗಿ ವಾಪಸ್ ಬರುವುದಿಲ್ಲ. ಆದರೂ ಜುಲೈಯಲ್ಲಿ ಒಮ್ಮೆ ಮನೆಯೊಳಗೆ ಸುತ್ತಾಡಿ, ಎಲ್ಲೆಲ್ಲಿ ಸೋರುತ್ತದೆ, ಯಾವ ಗೋಡೆ ಬುಡದಿಂದ ಒದ್ದೆ ಏರುತ್ತದೆ, ಯಾವ ಬಾಗಿಲು ಉಬ್ಬಿ ಸಿಕ್ಕಿಹಾಕಿಕೊಳ್ಳುತ್ತದೆ ಅಂತ ಫೋಟೋ ತೆಗೆದಿಟ್ಟುಕೊಳ್ಳಿ. ನವೆಂಬರ್‌ನಲ್ಲಿ ನಾವು ಬರುವಾಗ ಅದೆಲ್ಲ ಒಣಗಿ ಮನೆ ಏನೂ ಆಗದ ಹಾಗೆ ನಿಂತಿರುತ್ತದೆ.

ಅಳತೆಯ ದಿನ

ನಾವು ಮನೆ ಖಾಲಿ ಮಾಡಬೇಕಾ?

ಖಾಲಿ ಮಾಡುವುದು ಬೇಡ. ಗೋಡೆಗೆ ಒರಗಿಸಿಟ್ಟದ್ದನ್ನು ಸ್ವಲ್ಪ ಈಚೆ ಎಳೆಯಿರಿ. ಯಂತ್ರಕ್ಕೆ ಕಂಡದ್ದು ಮಾತ್ರ ಅಳತೆಯಾಗುತ್ತದೆ. ಕಪಾಟಿನ ಹಿಂದೆ ಗೋಡೆ ಇದೆ ಅಂತ ಅದಕ್ಕೆ ಗೊತ್ತಿಲ್ಲ. ಎಲ್ಲ ಕೋಣೆಯ ಬೀಗ ತೆಗೆದಿಡಿ. ಒಂದೊಂದು ಕೋಣೆಯಲ್ಲಿ ಕನಿಷ್ಠ ಒಂದು ಸಲ, ಪ್ರತಿ ಹೊಸ್ತಿಲಿನ ಹತ್ತಿರ ಮತ್ತೊಂದು ಸಲ ಯಂತ್ರ ಇಡಬೇಕಾಗುತ್ತದೆ. ಹೊಸ್ತಿಲಿನ ಈ ಸ್ಕ್ಯಾನೇ ಎರಡು ಕೋಣೆಗಳನ್ನು ಜೋಡಿಸುವುದು, ಗೋಡೆಯ ನಿಜವಾದ ದಪ್ಪ ಹೇಳುವುದು. ಹತ್ತು ಕೋಣೆಯ ಮನೆಗೆ ಒಂದು ಇಡೀ ದಿನ ಇಟ್ಟುಕೊಳ್ಳಿ.

ಅಟ್ಟ ಮರೆಯಬೇಡಿ. ಮನೆಯವರು ಯಾವಾಗಲೂ "ಅಲ್ಲಿ ಎಂತ ಇಲ್ಲ, ಹಳೇ ಪಾತ್ರೆ ಮಾತ್ರ" ಅನ್ನುತ್ತಾರೆ. ನನಗೆ ಬೇಕಾದ್ದೆಲ್ಲ ಅಲ್ಲೇ ಇರುತ್ತದೆ: ಭಾರ ಹೊರುವ ಜಂತಿ, ಮಾಡಿನ ಇಳಿಜಾರಿನ ಮರವಾದ ಪಕ್ಕಾಸು, ಹೆಂಚು ಕೂರುವ ಪಟ್ಟಿಯಾದ ರೀಪು.

ಉಜ್ಜಿ ಉಜ್ಜಿ ಕನ್ನಡಿಯಂತೆ ಹೊಳೆಯುವ ಕಾವಿ ನೆಲ, ನಿಲುವುಗನ್ನಡಿ, ಕಿಟಕಿಯ ಗಾಜು ಇವು ಸ್ಕ್ಯಾನರಿಗೆ ಮೋಸ ಮಾಡುತ್ತವೆ. ಕನ್ನಡಿಯ ಆಚೆ ಇನ್ನೊಂದು ಕೋಣೆ ಇದ್ದ ಹಾಗೆ ಬಿಂದುಗಳು ಮೂಡುತ್ತವೆ. ಕನ್ನಡಿಗೆ ಒಂದು ಬೈರಾಸು ಹೊದಿಸಿಬಿಡಿ.

ದೈವದ ಕೋಣೆಯ ಒಳಗೆ ಹೊರಗಿನವರು ಹೋಗುವ ಹಾಗಿಲ್ಲ. ಏನು ಮಾಡುವುದು?

ಗುತ್ತಿನ ಮನೆಗಳಲ್ಲಿ ಇದು ಬಂದೇ ಬರುತ್ತದೆ. ಮನೆಯ ಹಿರಿಯರ ಮಾತೇ ಅಂತಿಮ. ಅದರಲ್ಲಿ ವಾದ ಇಲ್ಲ. ಬಾಗಿಲು ತೆರೆಯಬಹುದು ಅಂದರೆ ಹೊಸ್ತಿಲಿನ ಹೊರಗಿನಿಂದಲೇ ಒಂದು ಸ್ಕ್ಯಾನ್ ಮಾಡುತ್ತೇವೆ. ಬಣ್ಣದ ಫೋಟೋ ಬೇಡ ಅಂದರೆ ಕ್ಯಾಮೆರಾ ಬಂದ್ ಮಾಡಿ ಬರೀ ಬಿಂದುಗಳನ್ನು ತೆಗೆಯಬಹುದು. ಅದೂ ಬೇಡವಾದರೆ ಮನೆಯವರೇ ಸ್ನಾನ ಮಾಡಿ ಒಳಗೆ ಹೋಗಿ ನಾಲ್ಕು ಗೋಡೆ, ಎರಡು ಓರೆ ಅಳತೆ, ಎತ್ತರ ಅಳೆದು ಹೇಳಿದರೆ ಸಾಕು. ಸುತ್ತಲಿನ ಮೂರು ಕಡೆಯ ಅಳತೆ ಇರುವಾಗ ನಡುವಿನದ್ದು ತಪ್ಪಿಹೋಗುವುದಿಲ್ಲ. ಒಂದು ಮನೆಯಲ್ಲಿ ಎಂಬತ್ತು ದಾಟಿದ ಅಜ್ಜ ಹೀಗೆ ಅಳೆದುಕೊಟ್ಟರು. ಅವರ ಅಳತೆಗೂ ಹೊರಗಿನ ಲೆಕ್ಕಕ್ಕೂ ಅರ್ಧ ಇಂಚು ವ್ಯತ್ಯಾಸ!

ಮನೆಯಲ್ಲಿ ಸೂತಕ, ನೇಮ, ಪರ್ವ ಇದ್ದರೆ ದಿನ ಗೊತ್ತು ಮಾಡುವ ಮೊದಲೇ ಹೇಳಿಬಿಡಿ.

ಮಾಡಿನ ಮೇಲೆ ಡ್ರೋನ್ ಹಾರಿಸಿದರೆ ಆಯ್ತಲ್ಲ? ಹತ್ತುವ ಕಷ್ಟ ಇಲ್ಲ.

ಒಳ್ಳೆಯ ದಾರಿಯೇ. ಹಳೇ ಹೆಂಚಿನ ಮೇಲೆ ಕಾಲಿಟ್ಟರೆ ಹೆಂಚೂ ಹೋಗುತ್ತದೆ, ಕಾಲೂ ಹೋಗುತ್ತದೆ. ಡ್ರೋನ್ ನೂರಾರು ಫೋಟೋ ತೆಗೆಯುತ್ತದೆ. ಒಂದೇ ಜಾಗ ಹಲವು ಫೋಟೋಗಳಲ್ಲಿ ಬಂದಿರುವುದರಿಂದ ಕಂಪ್ಯೂಟರ್ ಅವನ್ನು ಹೊಂದಿಸಿ ಮಾಡಿನ ಆಕಾರ ಕಟ್ಟುತ್ತದೆ. ಆದರೆ ತೆಂಗು, ಹಲಸಿನ ನೆರಳಿನಲ್ಲಿ ಮುಚ್ಚಿಹೋದ ಮಾಡು ಮೇಲಿನಿಂದ ಕಾಣುವುದಿಲ್ಲ. ನಮ್ಮಲ್ಲಿ ಅರ್ಧಕ್ಕರ್ಧ ಮನೆ ಹಾಗೇ ಅಲ್ವಾ?

ಕಾನೂನು ಗೊತ್ತಿರಲಿ. 2021ರ ಡ್ರೋನ್ ನಿಯಮದ ಪ್ರಕಾರ ಆಕಾಶವನ್ನು ಹಸಿರು, ಹಳದಿ, ಕೆಂಪು ವಲಯ ಅಂತ ಭಾಗ ಮಾಡಿದ್ದಾರೆ. ವಿಮಾನ ನಿಲ್ದಾಣದ ಆಸುಪಾಸಿನಲ್ಲಿ ಬಿಗಿ ಜಾಸ್ತಿ. ಬಜ್ಪೆ, ಕೆಂಜಾರು, ಕಾವೂರು ಕಡೆಯವರು, ಪಣಂಬೂರು ಬಂದರಿನ ಹತ್ತಿರದವರು ಸರ್ಕಾರದ ಡಿಜಿಟಲ್ ಸ್ಕೈ ಎಂಬ ಆನ್‌ಲೈನ್ ಮ್ಯಾಪಿನಲ್ಲಿ ತಮ್ಮ ಜಾಗ ಯಾವ ಬಣ್ಣದಲ್ಲಿದೆ ಅಂತ ನೋಡಲೇಬೇಕು. 250 ಗ್ರಾಂ ಒಳಗಿನ ನ್ಯಾನೋ ಡ್ರೋನಿಗೆ ಪೈಲಟ್ ಸರ್ಟಿಫಿಕೇಟ್ ಬೇಡ. ಹಾಗಂತ ಕೆಂಪು ವಲಯದಲ್ಲಿ ಅನುಮತಿ ಇಲ್ಲದೆ ಹಾರಿಸುವ ಹಾಗಿಲ್ಲ. ಮದುವೆ ವಿಡಿಯೋ ತೆಗೆಯುವ ಹುಡುಗ "ಏನೂ ಆಗುವುದಿಲ್ಲ" ಅಂದರೆ ನಂಬಬೇಡಿ.

ಗೆದ್ದಲು ಹಿಡಿದದ್ದು, ಗೋಡೆಯೊಳಗಿನ ವಯರು, ಪೈಪು ಎಲ್ಲ ಕಾಣುತ್ತದಾ?

ಇಲ್ಲ. ಅತಿ ಹೆಚ್ಚು ತಪ್ಪು ತಿಳಿದುಕೊಂಡಿರುವುದು ಇದನ್ನೇ. ಲೇಸರ್ ಮೇಲ್ಮೈಯನ್ನು ಅಳೆಯುತ್ತದೆ, ಒಳಗೆ ಹೋಗುವುದಿಲ್ಲ. ಹೊರಗೆ ನುಣ್ಣಗಿದ್ದು ಒಳಗೆ ಪೂರ್ತಿ ಟೊಳ್ಳಾದ ಪಕ್ಕಾಸು ಸ್ಕ್ಯಾನಿನಲ್ಲಿ ಗಟ್ಟಿ ಮರದ ಹಾಗೇ ಕಾಣುತ್ತದೆ. ಅದಕ್ಕೆ ಮರದ ಕೆಲಸದ ಆಚಾರಿಯೇ ಬೇಕು. ಉಳಿಯ ಹಿಡಿಯಿಂದ ತಟ್ಟಿ ಸದ್ದು ಕೇಳಿ ಹೇಳುತ್ತಾರೆ. ಪಕ್ಕಾಸಿನ ತುದಿ ಗೋಡೆಯೊಳಗೆ ಕೂತ ಜಾಗದಲ್ಲಿ ಮೊದಲು ತಟ್ಟಿಸಿ. ನೀರೂ ಗೆದ್ದಲೂ ಸೇರುವುದು ಅಲ್ಲೇ.

ಒದ್ದೆ ಹುಡುಕಲು ಥರ್ಮಲ್ ಕ್ಯಾಮೆರಾ ಸಹಾಯ ಮಾಡುತ್ತದೆ. ನೀರು ಆವಿಯಾಗುವ ಜಾಗ ಸುತ್ತಲಿನದ್ದಕ್ಕಿಂತ ತಂಪಾಗಿ ಕಾಣುತ್ತದೆ. ಆದರೆ ಅದೂ ಮೇಲ್ಮೈಯ ಬಿಸಿಯನ್ನಷ್ಟೇ ನೋಡುವುದು. ಅನುಮಾನ ಬಂದ ಜಾಗದಲ್ಲಿ ತೇವದ ಮೀಟರ್ ಇಟ್ಟು ಖಚಿತ ಮಾಡಿಕೊಳ್ಳಬೇಕು.

ಅಳತೆ ಕೈಗೆ ಬಂದ ಮೇಲೆ

ಕೊನೆಗೆ ನಮಗೆ ಎಂತ ಸಿಗುತ್ತದೆ?

ಮೂರು ಕೇಳಿ ತೆಗೆದುಕೊಳ್ಳಿ. ಪಾಯಿಂಟ್ ಕ್ಲೌಡ್ ಫೈಲು, ಅದರಿಂದ ಮಾಡಿದ ನಕ್ಷೆಗಳು, ಮತ್ತು ಸ್ಕ್ಯಾನುಗಳನ್ನು ಜೋಡಿಸಿದಾಗ ಎಷ್ಟು ತಪ್ಪು ಉಳಿಯಿತು ಅಂತ ಹೇಳುವ ವರದಿ. ಮೂರನೆಯದನ್ನು ಯಾರೂ ಕೇಳುವುದಿಲ್ಲ. ನೀವು ಕೇಳಿ.

ನಕ್ಷೆಯ ವಿಷಯದಲ್ಲಿ ನಾನೇ ಪೆಟ್ಟು ತಿಂದಿದ್ದೇನೆ. ಶುರುವಿನ ದಿನಗಳಲ್ಲಿ ಉಡುಪಿ ಹತ್ತಿರದ ಒಂದು ಮನೆ ಸ್ಕ್ಯಾನ್ ಮಾಡಿ, ನಕ್ಷೆ ಬಿಡಿಸಲು ಬೇರೊಬ್ಬರಿಗೆ ಕೊಟ್ಟೆ. ನಕ್ಷೆ ನೋಡಲು ಬಹಳ ಚೆಂದ ಇತ್ತು. ಹಳೇ ಪಕ್ಕಾಸು ತೆಗೆದು ಕಬ್ಬಿಣದ ಪೈಪಿನ ಟ್ರಸ್ ಕೂರಿಸುವುದು, ಮೇಲೆ ಅದೇ ಹೆಂಚು ಅಂತ ತೀರ್ಮಾನವಾಗಿತ್ತು. ವರ್ಕ್‌ಶಾಪಿನಲ್ಲಿ ಕತ್ತರಿಸಿ ತಂದ ಟ್ರಸ್ ಒಂದು ಮೂಲೆಯಲ್ಲಿ ನಾಲ್ಕು ಇಂಚು ಕಮ್ಮಿ ಬಂತು. ವಾಪಸ್ ಬಂದು ನೋಡಿದರೆ ಸ್ಕ್ಯಾನ್ ಸರಿ ಇದೆ, ನಕ್ಷೆ ತಪ್ಪು. ಬಿಡಿಸಿದವರು ಓರೆ ಗೋಡೆಗಳನ್ನೆಲ್ಲ ನೇರ ಮಾಡಿಬಿಟ್ಟಿದ್ದರು! ಸಾಫ್ಟ್‌ವೇರಿಗೆ 90 ಡಿಗ್ರಿ ಅಂದರೆ ಪ್ರೀತಿ. ಸ್ವಲ್ಪ ಓರೆ ಕಂಡರೆ ತಾನೇ ಎಳೆದು ನೆಟ್ಟಗೆ ಮಾಡುತ್ತದೆ. ತಪ್ಪು ನನ್ನದೂ ಹೌದು, ನಾನು ನಕ್ಷೆಯನ್ನು ಬಿಂದುಗಳ ಮೇಲೆ ಇಟ್ಟು ನೋಡಲಿಲ್ಲ. ಈಗ "ಇದ್ದದ್ದನ್ನು ಇದ್ದ ಹಾಗೆ ಬಿಡಿಸಬೇಕು, ನೇರ ಮಾಡಬಾರದು" ಅಂತ ಬರವಣಿಗೆಯಲ್ಲೇ ಹಾಕುತ್ತೇನೆ. ನೀವೂ ಹಾಕಿಸಿ.

ಮಾಡು ನಡುವಿನಲ್ಲಿ ಬಗ್ಗಿದೆ. ಪೂರ್ತಿ ಬಿಚ್ಚಬೇಕಾ, ಬೇಡವಾ ಅಂತ ಇದರಲ್ಲಿ ಗೊತ್ತಾಗುತ್ತದಾ?

ಬಹಳ ಮಟ್ಟಿಗೆ ಗೊತ್ತಾಗುತ್ತದೆ. ಡಿಜಿಟಲ್ ಅಳತೆ ಹಣ ಉಳಿಸುವುದಿದ್ದರೆ ಇಲ್ಲೇ.

ಮಂಗಳೂರು ಹೆಂಚುಗಳು ಒಂದಕ್ಕೊಂದು ಕೊಂಡಿಯ ಹಾಗೆ ಕೂರುತ್ತವೆ. ಅಂಚಿನ ತೋಡು ಪಕ್ಕದ ಹೆಂಚಿನ ದಿಂಡಿಗೆ ಸೇರಬೇಕು. ಮರ ಬಗ್ಗಿದಾಗ ಈ ಜೋಡಣೆ ಬಿಡುತ್ತದೆ, ನೀರು ಇಳಿಯುತ್ತದೆ. ಮನೆಯವರು ಹೆಂಚು ಒಡೆದಿದೆ ಅಂದುಕೊಂಡು ವರ್ಷ ವರ್ಷ ಹೆಂಚು ಬದಲಾಯಿಸುತ್ತಾರೆ. ಸೋರುವುದು ನಿಲ್ಲುವುದಿಲ್ಲ, ಯಾಕೆಂದರೆ ತಪ್ಪು ಹೆಂಚಿನದ್ದಲ್ಲ.

ಸ್ಕ್ಯಾನ್ ಇದ್ದರೆ ಮಾಡಿನ ಎರಡೂ ಇಳಿಜಾರನ್ನು ಬಣ್ಣದಲ್ಲಿ ತೋರಿಸಬಹುದು. ಸಮತಟ್ಟಾಗಿದ್ದಲ್ಲಿ ಹಸಿರು, ತಗ್ಗಿದಲ್ಲಿ ಕೆಂಪು ಹೀಗೆ. ಆಗ ಒಂದು ವಿಷಯ ಕಣ್ಣಿಗೆ ಹೊಡೆಯುತ್ತದೆ. ಬಗ್ಗಿದ್ದು ಇಡೀ ಮಾಡಾ, ನಾಲ್ಕೈದು ಪಕ್ಕಾಸಾ, ಅಥವಾ ತುತ್ತತುದಿಯ ಅಡ್ಡಮರವೇ ಕೂತಿದೆಯಾ? ನಾಲ್ಕೈದು ಪಕ್ಕಾಸು ಮಾತ್ರ ಆದರೆ ಅಷ್ಟನ್ನು ಬದಲಾಯಿಸಿದರೆ ಮುಗಿಯಿತು. ತುದಿಯ ಮರ ಕೂತಿದ್ದರೆ ಅದನ್ನು ಹೊತ್ತ ಗೋಡೆ ಯಾ ಕಂಬ ಕೆಳಗೆ ಇಳಿದಿದೆಯಾ ಅಂತ ನೋಡಬೇಕು. ಅದೂ ಅದೇ ಸ್ಕ್ಯಾನಿನಲ್ಲಿದೆ. ಮುಚ್ಚಿಗೆ (ಮಾಡಿನ ಕೆಳಗಿನ ಹಲಗೆಯ ಹೊದಿಕೆ) ಇರುವ ಕೋಣೆಯಲ್ಲಿ ಮಾತ್ರ ಹಲಗೆ ಎರಡು ಮೂರು ಕಡೆ ಬಿಚ್ಚಿ ಯಂತ್ರ ಮೇಲೆ ಇಡಬೇಕು. ಇಲ್ಲದಿದ್ದರೆ ಅಳೆಯುವುದು ಮುಚ್ಚಿಗೆಯನ್ನು, ಮಾಡನ್ನಲ್ಲ.

ರೀಪಿನ ಅಂತರವನ್ನೂ ಬರೆಸಿಕೊಳ್ಳಿ. ಬೇರೆ ಬೇರೆ ಕಾರ್ಖಾನೆಯ ಹೆಂಚುಗಳು ಅಳತೆಯಲ್ಲಿ ಕೂದಲೆಳೆಯಷ್ಟು ಬೇರೆ. ಹಳೇ ರೀಪಿನ ಮೇಲೆ ಹೊಸ ಹೆಂಚು ಹಾಕಿದರೆ ಕೂರದೇ ಇರಬಹುದು. ಹತ್ತು ಹೆಂಚು ತಂದು ಜೋಡಿಸಿ ನೋಡಿದ ಮೇಲೆ ಲಾರಿ ತರಿಸಿ.

ಹೆಂಚಿನ ಮೇಲೆ 1865 ಅಂತ ಇದೆ, ಮನೆ ಅಷ್ಟು ಹಳೆಯದು ಅಂತ ಹಲವರು ಹೆಮ್ಮೆಯಿಂದ ತೋರಿಸುತ್ತಾರೆ. ಅದು ಜೆಪ್ಪುವಿನಲ್ಲಿ ಬಾಸೆಲ್ ಮಿಷನ್‌ನವರು ಹೆಂಚಿನ ಕಾರ್ಖಾನೆ ಶುರು ಮಾಡಿದ ವರ್ಷ. ಎಷ್ಟೋ ವರ್ಷ ಕಳೆದು ಮಾಡಿದ ಹೆಂಚಿನ ಮೇಲೂ ಅದೇ ಇಸವಿ ಇರುತ್ತದೆ.

ಗೋಡೆ ವಾಲಿದೆ, ಬಿರುಕು ಬಿಟ್ಟಿದೆ. ಬೀಳುತ್ತದಾ?

ಒಂದು ಸಲದ ಸ್ಕ್ಯಾನಿನಿಂದ ಗೋಡೆ ಎಷ್ಟು ವಾಲಿದೆ ಅಂತ ಹೇಳಬಹುದು. ಇನ್ನೂ ವಾಲುತ್ತಾ ಇದೆಯಾ ಅಂತ ಹೇಳಲು ಆಗುವುದಿಲ್ಲ. ಎಪ್ಪತ್ತು ವರ್ಷದ ಹಿಂದೆ ಕಟ್ಟುವಾಗಲೇ ಓರೆಯಾಗಿದ್ದ ಗೋಡೆಯೂ ಇರುತ್ತದೆ, ಕಳೆದ ಮಳೆಗೆ ಸರಿದದ್ದೂ ಇರುತ್ತದೆ. ಎರಡೂ ಪರದೆಯ ಮೇಲೆ ಒಂದೇ ಥರ ಕಾಣುತ್ತವೆ. ಅದಕ್ಕೇ ಮಳೆಗೆ ಮೊದಲು ಒಮ್ಮೆ, ಮಳೆ ಮುಗಿದ ಮೇಲೆ ಒಮ್ಮೆ, ಅಲುಗಾಡದ ಗುರುತುಗಳನ್ನು ಇಟ್ಟುಕೊಂಡು ಅಳೆಯಬೇಕು.

ಇಲ್ಲೊಂದು ಮಿತಿ ಇದೆ. ಸ್ಕ್ಯಾನಿನ ನಿಖರತೆ ಕೆಲವು ಮಿಲಿಮೀಟರ್. ಬಿರುಕು ಒಂದು ಮಿಲಿಮೀಟರ್ ದೊಡ್ಡದಾದರೆ ಅದಕ್ಕೆ ಗೊತ್ತೇ ಆಗುವುದಿಲ್ಲ. ಬಿರುಕಿಗೆ ಅಡ್ಡಲಾಗಿ ಒಂದು ತೆಳು ಗಾಜಿನ ಪಟ್ಟಿ ಅಂಟಿಸಿ ತಾರೀಕು ಬರೆಯಿರಿ. ಗಾಜು ಒಡೆದರೆ ಗೋಡೆ ಸರಿಯುತ್ತಿದೆ ಅಂತ ಲೆಕ್ಕ. ಲಕ್ಷಗಟ್ಟಲೆ ರೂಪಾಯಿಯ ಯಂತ್ರಕ್ಕಿಂತ ಈ ಕೆಲಸಕ್ಕೆ ಗಾಜಿನ ಚೂರೇ ವಾಸಿ. ಬೀಳುತ್ತದಾ ಅನ್ನುವ ತೀರ್ಮಾನ ಮಾತ್ರ ಸ್ಟ್ರಕ್ಚರಲ್ ಎಂಜಿನಿಯರ್ ಹೇಳಬೇಕು, ನಾನಲ್ಲ.

ಖರ್ಚು ಎಷ್ಟು ಬರುತ್ತದೆ?

ಕೋಣೆ ಎಷ್ಟು, ನಕ್ಷೆಯಲ್ಲಿ ಎಷ್ಟು ವಿವರ ಬೇಕು ಅನ್ನುವುದರ ಮೇಲೆ. ಸ್ಕ್ಯಾನ್ ಒಂದು ದಿನದ್ದು, ನಕ್ಷೆ ಬಿಡಿಸುವುದು ವಾರಗಟ್ಟಲೆಯದ್ದು. ಹಣ ಹೋಗುವುದು ಎರಡನೆಯದಕ್ಕೆ. ಹಾಗಾಗಿ ಎರಡಕ್ಕೂ ಬೇರೆ ಬೇರೆ ರೇಟು ಕೇಳಿ. ಇಡೀ ಮನೆ ಸ್ಕ್ಯಾನ್ ಮಾಡಿಸಿ, ಈಗ ಕೆಲಸ ನಡೆಯುವ ಭಾಗದ ನಕ್ಷೆ ಮಾತ್ರ ಬಿಡಿಸಿಕೊಳ್ಳಬಹುದು. ಉಳಿದದ್ದು ಫೈಲಿನಲ್ಲಿ ಇರುತ್ತದೆ, ಎಲ್ಲಿಗೂ ಹೋಗುವುದಿಲ್ಲ. ಕೆತ್ತನೆಯ ಕಂಬದ ಪ್ರತಿ ಎಸಳನ್ನೂ ಬಿಡಿಸುವುದು ಬೇಡ, ಅದಕ್ಕೆ ಒಳ್ಳೆಯ ಫೋಟೋ ಸಾಕು.

ನಮ್ಮ ಆಚಾರಿ ಇದನ್ನೆಲ್ಲ ನೋಡಿ ನಗಾಡುತ್ತಾರೆ.

ನಗಾಡಲಿ. ಅವರನ್ನು ಅಳತೆಯ ದಿನವೇ ಕರೆಯಿರಿ. ಹಳೇ ಮನೆಗಳನ್ನು ಕಟ್ಟಿದ್ದು ಕೋಲು, ಅಂಗುಲ ಎಂಬ ಹಳೇ ಅಳತೆಗಳ ಲೆಕ್ಕದಲ್ಲಿ. ನಮ್ಮ ಸ್ಕ್ಯಾನಿನಲ್ಲಿ ಎಂತೆಂಥದೋ ಮಿಲಿಮೀಟರ್ ಬರುವುದು ಅದಕ್ಕೇ. ಚಾವಡಿಯ ಉದ್ದ ಎಷ್ಟು ಕೋಲು ಅಂತ ಆಚಾರಿ ಹೇಳಿದ ಕೂಡಲೇ, ಆ ಗೋಡೆ ಮೂಲದಲ್ಲಿ ಎಲ್ಲಿದ್ದಿರಬೇಕು, ಯಾವುದು ಆಮೇಲೆ ಸೇರಿಸಿದ್ದು ಅಂತ ತಿಳಿಯುತ್ತದೆ. ಇದು ಯಾವ ಸಾಫ್ಟ್‌ವೇರಿಗೂ ಗೊತ್ತಿಲ್ಲ. ಆಚಾರಿಗೆ ನಕ್ಷೆ ಕೊಡುವಾಗ ಅಡಿ, ಇಂಚಿನಲ್ಲಿ ದೊಡ್ಡ ಅಕ್ಷರದಲ್ಲಿ ಪ್ರಿಂಟ್ ತೆಗೆದು ಕೊಡಿ. ಮೊಬೈಲಿನಲ್ಲಿ ಪಿಡಿಎಫ್ ಕಳಿಸಿದರೆ ಅವರು ತೆರೆದೂ ನೋಡುವುದಿಲ್ಲ.

ಮನೆಯನ್ನು ಬಿಚ್ಚಿ ಬೇರೆ ಕಡೆ ಕಟ್ಟುವುದು ಅಂತ ಯೋಚನೆ. ಸ್ಕ್ಯಾನ್ ಇದ್ದರೆ ಸಾಕಾ?

ಮಣಿಪಾಲದ ಹಸ್ತಶಿಲ್ಪಕ್ಕೆ ಒಮ್ಮೆ ಹೋಗಿ ಬನ್ನಿ. ವಿಜಯನಾಥ ಶೆಣೈ ಅವರು ಎಲ್ಲೆಲ್ಲಿಂದಲೋ ಹಳೇ ಮನೆಗಳನ್ನು ಬಿಚ್ಚಿ ತಂದು ಅಲ್ಲಿ ಮತ್ತೆ ನಿಲ್ಲಿಸಿದ್ದಾರೆ. ಸ್ಕ್ಯಾನ್ ಒಂದರಿಂದಲೇ ಇಂಥ ಕೆಲಸ ಆಗುವುದಿಲ್ಲ. ಜೋಡಣೆಯ ಒಳಗಿನ ಕಚ್ಚು, ಬೆಣೆ, ಗೂಟ ಯಾವುದೂ ಹೊರಗಿನಿಂದ ಕಾಣುವುದಿಲ್ಲ. ಮೊದಲು ಇಡೀ ಮನೆ ಸ್ಕ್ಯಾನ್ ಮಾಡಿ. ಪ್ರತಿ ಮರಕ್ಕೂ ನಂಬರ್ ಕೊಟ್ಟು, ಅದೇ ನಂಬರನ್ನು ನಕ್ಷೆಯಲ್ಲೂ ಹಾಕಿ. ಬಿಚ್ಚುತ್ತಾ ಹೋದ ಹಾಗೆ ಒಂದೊಂದು ಹಂತಕ್ಕೂ ಮತ್ತೆ ಸ್ಕ್ಯಾನ್, ಫೋಟೋ. ನಂಬರನ್ನು ಸೀಮೆಸುಣ್ಣದಲ್ಲಿ ಬರೆಯಬೇಡಿ. ಒಂದು ಮಳೆಗೆ ಅಳಿಸಿಹೋಗುತ್ತದೆ. ತಗಡಿನ ಬಿಲ್ಲೆ ಹೊಡೆಯಿರಿ, ಎದ್ದು ಕಾಣದ ಬದಿಯಲ್ಲಿ.

ಈಗ ರಿಪೇರಿ ಇಲ್ಲ. ಸುಮ್ನೆ ದಾಖಲೆಗೆ ಅಂತ ಮಾಡಿಸಿಡಬಹುದಾ?

ಖಂಡಿತ. ಪ್ಯಾರಿಸ್‌ನ ನೋತ್ರ್ ದಾಮ್ ಚರ್ಚನ್ನು ಆಂಡ್ರ್ಯೂ ಟಾಲನ್ ಎಂಬ ಕಲಾ ಇತಿಹಾಸದ ಮೇಷ್ಟ್ರು 2010ರಲ್ಲಿ ಸ್ಕ್ಯಾನ್ ಮಾಡಿದ್ದರು. ರಿಪೇರಿಗೆ ಅಂತ ಅಲ್ಲ, ಕಟ್ಟಿದ್ದು ಹೇಗೆ ಅಂತ ತಿಳಿಯುವ ಆಸೆಗೆ. ನೂರು ಕೋಟಿಗೂ ಹೆಚ್ಚು ಬಿಂದುಗಳು. 2018ರಲ್ಲಿ ಅವರು ತೀರಿಕೊಂಡರು. 2019ರ ಏಪ್ರಿಲ್ 15ರಂದು ಚರ್ಚಿನ ಮಾಡು ಸುಟ್ಟುಹೋಯಿತು. ಮತ್ತೆ ಕಟ್ಟುವವರಿಗೆ ಆ ಹಳೇ ಸ್ಕ್ಯಾನ್ ಕೆಲಸಕ್ಕೆ ಬಂತು. 2024ರ ಡಿಸೆಂಬರ್‌ನಲ್ಲಿ ಚರ್ಚು ಮತ್ತೆ ತೆರೆಯಿತು.

ನಮ್ಮಲ್ಲಿ ಸುಡುವುದಕ್ಕಿಂತ ಪಾಲಾಗುವುದೇ ಜಾಸ್ತಿ. ಆಸ್ತಿ ಪಾಲಿಗೆ ಮೊದಲು ಮನೆ ಹೇಗಿತ್ತು ಅಂತ ಇಡುವ ಆಸೆಯಿಂದ ಕರೆಯುವವರು ಈಚೆಗೆ ಹೆಚ್ಚಿದ್ದಾರೆ. ಹಾಗೆ ಮಾಡಿಸುವುದಾದರೆ ಫೈಲನ್ನು ಇ57 ಎಂಬ ರೂಪದಲ್ಲೂ ಕೇಳಿ. ಅದು ಯಾವುದೇ ಒಂದು ಕಂಪನಿಗೆ ಕಟ್ಟುಬಿದ್ದದ್ದಲ್ಲ, ಬೇರೆ ಬೇರೆ ಸಾಫ್ಟ್‌ವೇರಿನಲ್ಲಿ ತೆರೆಯುತ್ತದೆ. ಫೈಲು ಹತ್ತಾರು ಜಿಬಿ ಇರುತ್ತದೆ, ಪೆನ್‌ಡ್ರೈವ್ ನಂಬಬೇಡಿ. ಎರಡು ಹಾರ್ಡ್ ಡಿಸ್ಕಿನಲ್ಲಿ ಹಾಕಿ. ಒಂದು ಊರಲ್ಲಿ ಇರಲಿ, ಇನ್ನೊಂದನ್ನು ಮುಂಬೈಯಲ್ಲೋ ದುಬೈಯಲ್ಲೋ ಇರುವ ತಮ್ಮನ ಕೈಗೆ ಕೊಡಿ. ಸ್ಕ್ಯಾನಿನಲ್ಲಿ ತಿಜೋರಿಯ ಕೋಣೆಯೂ ಬಂದಿರುತ್ತದೆ, ಯಾರಿಗೆ ಕೊಟ್ಟಿರಿ ಅಂತ ನೆನಪಿರಲಿ. ಮತ್ತು ಎರಡು ವರ್ಷಕ್ಕೊಮ್ಮೆ ಆ ಡಿಸ್ಕನ್ನು ಕಂಪ್ಯೂಟರಿಗೆ ಹಾಕಿ, ತೆರೆಯುತ್ತದಾ ಅಂತ ನೋಡಿ.